ಉಜ್ಜಿನಿಯಿಂದ ಬಂದ ಫೋನು

…ಅಥವಾ ಫೋನು ರಿಂಗಾಗಲೇ ಇಲ್ಲವೇನೋ. ಆಗಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಆ ಸದ್ದು ನನ್ನ ಕಿವಿಯಲ್ಲೇ ಕೂತುಬಿಟ್ಟಿದೆ. ಆದರೆ ಮೊನ್ನೆ ಮನೆಗೆ ಫೈಬರ್ ಎಳೆಯಲು ಬಂದವರಿಗಾಗಿ ಕಪಾಟು ಖಾಲಿ ಮಾಡುವಾಗ ಹಳೆಯ ಟೆಲಿಫೋನ್ ವೈರೊಂದು ಸಿಕ್ಕಿತು. ತುದಿಯ ಕ್ಲಿಪ್ಪು ಹಳದಿಗಟ್ಟಿತ್ತು. ಅದನ್ನು ಬೆರಳಲ್ಲಿ ಹಿಡಿದಾಗ ಕೊಟ್ಟೂರಿನ ಒಂದು ನರ್ಸಿಂಗ್ ಹೋಮಿನ ಹೊರಕೋಣೆ ಕಣ್ಣಿಗೆ ಬಂತು. ಅಲ್ಲಿ ಅಕ್ಕ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದಾರೆ. ಅದೇ ಫೋನಿಗೆ ಹೋಗಬೇಕಾದ ವೈರಿನ ತುದಿ ನನ್ನ ಕೈಯಲ್ಲಿದೆ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ.

ಅವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಹಿಂದೆ ಎಕ್ಸ್‌ಚೇಂಜಿನಲ್ಲಿ ಕೂತು ಊರಿಂದೂರಿಗೆ ಟ್ರಂಕ್ ಕರೆ ಜೋಡಿಸುತ್ತಿದ್ದವರು. ಆ ಕೆಲಸವೇ ಇಲ್ಲವಾದ ಮೇಲೆ ಡಾಕ್ಟರು ತಮ್ಮ ಆಸ್ಪತ್ರೆಯ ಫೋನಿನ ಮುಂದೆ ಕೂರಿಸಿದ್ದರು. ಭುಜಕ್ಕೂ ಕಿವಿಗೂ ನಡುವೆ ರಿಸೀವರ್ ಸಿಕ್ಕಿಸಿಕೊಂಡು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಬತ್ತಿಯೋ, ಹೂಮಾಲೆಯೋ… ಬೆರಳು ಆಡುತ್ತಲೇ ಇದ್ದದ್ದು ನೆನಪಿದೆ.

ನಾನು ಹೊಸಪೇಟೆಯ ಸಣ್ಣ ಕಂಪನಿಯೊಂದರ ಪರವಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಬಸ್ಸಿನಲ್ಲಿ ಅಲೆಯುತ್ತ ರೂಟರುಗಳನ್ನು ಹೊಂದಿಸುತ್ತಿದ್ದೆ. ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ಜೊತೆಗೆ ರಸ್ತೆ ಅಗೆಯುವವರೂ ಬಂದಿದ್ದರು. ಬ್ರಾಡ್‌ಬ್ಯಾಂಡಿನ ನೆಲದೊಳಗಿನ ಕೇಬಲ್ ತುಂಡಾದರೆ ರೂಟರು ಮಾಮೂಲಿ ಟೆಲಿಫೋನ್ ಲೈನಿನಿಂದ ಸ್ಕ್ಯಾನಿನ ಚಿತ್ರ ಕಳಿಸಲು ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ತಾನೇ ಡಯಲ್ ಮಾಡಬೇಕು, ಕೆಲಸ ಮುಗಿದ ಮೇಲೆ ತಾನೇ ಲೈನು ಬಿಡಬೇಕು. ಯಾವುದಕ್ಕೆ ಡಯಲ್ ಮಾಡಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂದು ಅದಕ್ಕೆ ಮೊದಲೇ ಹೇಳಿಡಬೇಕಿತ್ತು. ಆ ಆಜ್ಞೆಗಳನ್ನು ಕಂಪನಿಯೇ ಬರೆದು ಕಳಿಸಿತ್ತು.

ಆಸ್ಪತ್ರೆಯಲ್ಲಿ ಇದ್ದದ್ದು ಒಂದೇ ಲೈನು. ಅದು ಅಕ್ಕನ ಲೈನು. ಅದನ್ನು ಮೊದಲು ರೂಟರಿನ ಮೋಡೆಮ್ಮಿಗೆ ತಂದು, ಅಲ್ಲಿಂದ ಅವರ ಫೋನಿಗೆ ಎಳೆಯಬೇಕಿತ್ತು.

"ನನ್ನ ಲೈನ್ ಕಿತ್ತು ನಿನ್ನ ಡಬ್ಬಿಗೆ ಹಾಕಿದ್ರ, ನಾ ಏನ್ ಗ್ವಾಡಿ ಕೂಡ ಮಾತಾಡ್ಲೇನು ತಮ್ಮಾ?"

"ಕೆಲಸ ಮುಗಿದ್ರ ಅದ ಬಿಡ್ತೈತ್ರಿ ಅಕ್ಕಾ."

"ಬಿಡೋರನ್ನ ನಾ ಬಾಳ ನೋಡೀನಿ. ಮೂರ ನಿಮಿಷ ಅಂತ ಟ್ರಂಕ್ ಬುಕ್ ಮಾಡ್ತಿದ್ರು, ಮೊಮ್ಮಗನ ಜವಳದ ಸುದ್ದಿ ಮುಗಿಯೋ ತನಕ ಬಿಡ್ತಿದ್ದಿಲ್ಲ."

ಆ ವಾರ ಅಕ್ಕನ ಮನಸ್ಸೆಲ್ಲ ಉಜ್ಜಿನಿಯ ಕಡೆಗಿತ್ತು. ಅಲ್ಲಿಯ ಕುರಿ ಸಾಕುವ ಮನೆಯ ಸೊಸೆ ದಿನ ತುಂಬಿದ ಬಸುರಿ. ಮೊದಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಮಗು ಅಡ್ಡ ಇದೆ, ನೋವು ಕಂಡ ಕೂಡಲೇ ಕೊಯ್ದು ತೆಗೆಯಬೇಕು, ತಡವಾದರೆ ಇಬ್ಬರೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಊರಿನ ಕಿರಾಣಿ ಅಂಗಡಿಯಿಂದ ಫೋನ್ ಮಾಡಿದರೆ ಆಸ್ಪತ್ರೆಯ ಜೀಪು ಹೋಗುತ್ತದೆ ಎಂದು ಮಾತಾಗಿತ್ತು. ಫೋನ್ ಬಾರದೆ ಜೀಪು ಹೊರಡುವಂತಿರಲಿಲ್ಲ. ಹಿಂದೊಮ್ಮೆ ಯಾರದೋ ಮಾತು ನಂಬಿ ಬರಿದೇ ಹೋಗಿ ಬಂದದ್ದಕ್ಕೆ ಡ್ರೈವರು ಚೆನ್ನಾಗಿ ಬೈಸಿಕೊಂಡಿದ್ದ.

ಆ ವಾರದ ಸಂತೆಯ ದಿನ ಬೆಳಿಗ್ಗೆ ಎಲ್ಲೋ ಕೇಬಲ್ ತುಂಡಾಯಿತು. ನನ್ನ ಮೋಡೆಮ್ ಕೀರಲು ದನಿಯಲ್ಲಿ ಕೂಗಿ ದಾವಣಗೆರೆಯನ್ನು ಹಿಡಿಯಿತು. ನನಗೆ ಹೆಮ್ಮೆಯೆನಿಸಿತು. ಚಹಾ ಕುಡಿದೆ. ಡಾಕ್ಟರು ಥಿಯೇಟರಿನೊಳಗೆ ಇನ್ನೊಂದು ಆಪರೇಷನ್ನಿನಲ್ಲಿದ್ದರು. ಎಷ್ಟು ಹೊತ್ತು ಹೀಗೇ ಕಳೆಯಿತೋ… ಅಕ್ಕನ ಬೆರಳು ನಿಂತದ್ದು ಕಂಡಿತು.

"ಸಂತಿ ದಿನ ಇಷ್ಟು ಹೊತ್ತು ಒಂದ ಫೋನೂ ಇಲ್ಲ ಅಂದ್ರೇನು?"

ನಾನು ಉತ್ತರಿಸುವ ಮೊದಲೇ ಅವರು ಎದ್ದು ರಸ್ತೆ ದಾಟಿ ಎದುರಿನ ಎಸ್‌ಟಿಡಿ ಬೂತಿಗೆ ಹೋದರು. ಗಾಜಿನ ಬಾಗಿಲಿನ ಹಿಂದೆ ಅವರು ಡಯಲ್ ಮಾಡುವುದು, ಇಡುವುದು, ಮತ್ತೆ ಡಯಲ್ ಮಾಡುವುದು ಕಾಣುತ್ತಿತ್ತು. ಬರುವಾಗ ಓಡಿಯೇ ಬಂದರು.

"ನಮ್ಮ ನಂಬರಿಗೆ ಹಚ್ಚಿದೆ, ಎಂಗೇಜ್. ಉಜ್ಜಿನಿ ಅಂಗಡಿಗೆ ಹಚ್ಚಿದೆ, ಅದೂ ಎಂಗೇಜ್. ಬಿಟ್ಟು ಬಿಟ್ಟು ಹಚ್ಚಿದೆ. ತಮ್ಮಾ, ಅವ್ರು ನಮಗ ಹಚ್ಚಾಕತ್ಯಾರ."

ಬಾಗಿಲಲ್ಲಿ ನಿಂತಿದ್ದ ಡ್ರೈವರು ನಕ್ಕ. "ಯಾರರ ಹರಟಿ ಹೊಡಿತಿರಬೇಕ್ರಿ ಅಕ್ಕಾರ."

"ಆ ಅಂಗಡಿಯಾಂವ ಫೋನಿಗೆ ಬೀಗ ಹಾಕಿ ಕೀಲಿ ಉಡದಾರಕ್ಕ ಕಟ್ಕೊಂಡಾನ. ಅಂವ ಹರಟಿ ಹೊಡಿಯಾಕ ಕೊಡ್ತಾನೇನು?" ಎಂದು ಅಕ್ಕ ನನ್ನತ್ತ ತಿರುಗಿದರು. "ಬಿಡಿಸು ಅದನ್ನ."

ಲೈನು ಕಡಿಯುವ ಆಜ್ಞೆ ಕೊಟ್ಟೆ. ಕಡಿಯಿತು. ಕೀಬೋರ್ಡಿನಿಂದ ಬೆರಳೆತ್ತುವಷ್ಟರಲ್ಲಿ ಮೋಡೆಮ್ ಮತ್ತೆ ಡಯಲ್ ಮಾಡಿತು. ಮತ್ತೆ ಕಡಿದೆ, ಮತ್ತೆ ಡಯಲ್ ಮಾಡಿತು. ಆಗ ಹೊಳೆಯಿತು: ಕಂಪನಿ ಕಳಿಸಿದ ಆಜ್ಞೆಯಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಎಂಬ ಭೇದವೇ ಇರಲಿಲ್ಲ. ಒಳಗಿನ ಯಾವ ಕಂಪ್ಯೂಟರು ಏನು ಕೇಳಿದರೂ ರೂಟರು ದಾವಣಗೆರೆಯನ್ನು ಕೂಗುತ್ತಿತ್ತು. ಹೊತ್ತು ಎಷ್ಟು ಎಂದು ಕೇಳಿಕೊಳ್ಳಲಿಕ್ಕೂ ಒಂದು ಕರೆ!

"ಯಾರು ಕರಿಯಾಕತ್ಯಾರ ಅದರಾಗ?"

"ಯಾರೂ ಇಲ್ರಿ. ಮಷಿನ್ ಮಷಿನ್ ಮಾತಾಡ್ಕೊಳ್ಳಾಕತ್ಯಾವ."

"ಅದರ ಗಂಟಲಾ ಹಿಚುಕೋ ಮಾರಾಯ!"

ಮೋಡೆಮ್ಮಿನಿಂದ ವೈರನ್ನು ಕಿತ್ತೆ. ಅದನ್ನು ಅಕ್ಕನ ಫೋನಿಗೆ ಸಿಕ್ಕಿಸಬೇಕಿತ್ತು. ಕ್ಲಿಪ್ಪು ಕೂರುತ್ತಿರಲಿಲ್ಲ. ಆಗ ಫೋನು ರಿಂಗಾಯಿತು ಎಂದೇ ನಾನು ಈವರೆಗೆ ಹೇಳಿದ್ದು. ಈಗ ಬರೆಯುತ್ತ ಕೂತರೆ ರಿಂಗು ಮೊದಲೋ, ಕ್ಲಿಪ್ಪು ಕೂತದ್ದು ಮೊದಲೋ ತಿಳಿಯುತ್ತಿಲ್ಲ. ಹೊರಗೆ ಬಸ್ಸೊಂದು ಬಿಡದೆ ಹಾರ್ನ್ ಹೊಡೆಯುತ್ತಿತ್ತು. ಡ್ರೈವರು ಅಂಗಳಕ್ಕಿಳಿದು ಜೀಪಿನ ಹತ್ತಿರ ನಿಂತಿದ್ದ. ಅಕ್ಕ ರಿಸೀವರ್ ಎತ್ತಿದ್ದಂತೂ ಖಂಡಿತ.

"ಹಲೋ… ಹ್ಞೂಂ… ಯಾವಾಗಿಂದ?… ನೀರು ಹೋತೇನು?… ಗಾಬರಿ ಆಗಬ್ಯಾಡ್ರಿ, ಜೀಪ್ ಹೊಂಟೈತಿ."

ನಡುನಡುವೆ ನಿಲ್ಲಿಸಿದ್ದರು. ಎದುರಿನವರು ಉತ್ತರ ಹೇಳಲು ಬೇಕಾಗುವಷ್ಟು ಹೊತ್ತು. ಆಮೇಲೆ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ ಕಿಟಕಿಯಿಂದ ಕೂಗಿದರು.

"ಏ, ಹೊರಡಪ್ಪಾ! ಉಜ್ಜಿನಿಯಿಂದ ಫೋನ್ ಬಂತು!"

"ಖರೇನ ಬಂತ್ರೀ ಅಕ್ಕಾರ? ಆಮ್ಯಾಲ ನನ್ನ ಮ್ಯಾಲ ಬರಬಾರ್ದು."

"ಬಂದ್ರ ನನ್ನ ಮ್ಯಾಲ ಬರ್ಲಿ. ಹೊರಡಲೇ!"

ಜೀಪು ಹೋಯಿತು. ಅಕ್ಕ ಬಂದು ಕುರ್ಚಿಯಲ್ಲಿ ಕೂತರು. ಹತ್ತಿ ಮುಟ್ಟಲಿಲ್ಲ, ನನ್ನ ಮುಖ ನೋಡಲಿಲ್ಲ. ಜೀಪು ಬರಿದೇ ವಾಪಸಾದರೆ ಆ ಕುರ್ಚಿ ಅವರಿಗೆ ಉಳಿಯುತ್ತಿರಲಿಲ್ಲ. ಉಜ್ಜಿನಿಯವರು ನಿಜಕ್ಕೂ ಫೋನಿಗಾಗಿ ಒದ್ದಾಡುತ್ತಿದ್ದು ಜೀಪು ಹೋಗದೇ ಇದ್ದಿದ್ದರೆ… ಡಾಕ್ಟರು ಹೊರಬಂದು ಏನು ಎಂದು ಕೇಳಿದರು. "ಉಜ್ಜಿನಿ ಕೇಸ್ ಬರಾಕತ್ತೈತ್ರಿ, ಟೇಬಲ್ ತಯಾರ್ ಇಡ್ರಿ" ಎಂದಷ್ಟೇ ಹೇಳಿದರು. ನಾನು ರೂಟರಿನ ಮುಂದೆ ಕೂತು ಏನೇನೋ ಟೈಪ್ ಮಾಡಿ ಅಳಿಸುತ್ತಿದ್ದೆ. ರಸ್ತೆಯಲ್ಲಿ ಯಾವ ಗಾಡಿ ನಿಧಾನ ಮಾಡಿದರೂ ಇಬ್ಬರೂ ತಲೆ ಎತ್ತುತ್ತಿದ್ದೆವು.

ಜೀಪು ಬಂದಾಗ ಹಿಂದಿನ ಸೀಟಿನಲ್ಲಿ ಉಜ್ಜಿನಿಯ ಆ ಸೊಸೆಯಿದ್ದಳು. ಊರಿನಿಂದ ಅಲ್ಲ, ದಾರಿಯಿಂದ ಬಂದಿದ್ದಳು. ಫೋನ್ ಸಿಗದೆ ಸಾಕಾಗಿ ಮನೆಯವರು ಅವಳನ್ನು ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ಹೊರಟಿದ್ದರಂತೆ. ಅದು ನಡುದಾರಿಯಲ್ಲಿ ಪಂಕ್ಚರ್ ಆಗಿ ನಿಂತಿತ್ತಂತೆ. ಜೀಪು ಹೋಗದಿದ್ದರೆ ಅಲ್ಲೇ ನಿಂತಿರುತ್ತಿತ್ತು. ಡಾಕ್ಟರು ಅವಳನ್ನು ನೇರ ಥಿಯೇಟರಿಗೆ ಕರೆದೊಯ್ದರು. ಮಗುವಿನ ಅಳು ಕೇಳಿದಾಗ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಹೆಣ್ಣು. ಧ್ವನಿ ನೋಡು, ಟ್ರಂಕ್ ಬ್ಯಾಡ, ಉಜ್ಜಿನಿತನ ಹಂಗ ಕೇಳಸ್ತೈತಿ" ಎಂದರು.

ಮರುದಿನ ಬಾಣಂತಿಯ ಅತ್ತೆ ಬಂದು ಮೇಜಿನ ಮುಂದೆ ನಿಂತಳು.

"ನಾವು ಫೋನ್ ಬಿಟ್ಟು ಆಗಲೇ ಊರು ದಾಟಿದ್ವಿ. ನಿಮಗ ಯಾರು ಹೇಳಿದ್ರವ್ವಾ?"

"ಫೋನ್ ಬಂತು. ಯಾರಂತ ಕೇಳಾಕ ಪುರಸೊತ್ತು ಎಲ್ಲಿತ್ತು?"

"ಹಂಗಾರ ನಮ್ಮೂರ ದೇವ್ರು ಮರುಳಸಿದ್ದಪ್ಪನ ಮಾಡಿರಬೇಕು" ಎಂದು ಆಕೆ ಕೈ ಮುಗಿದಳು.

"ಆತ ಅಲ್ಲ ಬಿಡು. ಮಾತಾಡಿದಾಂವ ಬಾಳ ಕೆಮ್ಮತಿದ್ದ."

ಇದೊಂದು ಕೆಮ್ಮು ನನ್ನನ್ನು ಇಷ್ಟು ವರ್ಷ ಕಾಡಿದೆ. ಸುಳ್ಳು ಹೇಳುವವರು ಕೆಮ್ಮನ್ನೂ ಸೇರಿಸುತ್ತಾರೆಯೇ? ಅಂಗಡಿಯವನು ಅವರು ಹೋದ ಮೇಲೂ ನಮ್ಮ ನಂಬರನ್ನು ಒತ್ತುತ್ತಲೇ ಇದ್ದಿರಬಹುದು. ಅವನಿಗೆ ಕೆಮ್ಮಿತ್ತೋ ಏನೋ. ಸ್ಕ್ಯಾನಿನ ಚಿತ್ರ ಕಳಿಸುವಾಗ ಬಿಟ್ಟು ಬೇರೆ ಯಾವುದಕ್ಕೂ ಡಯಲ್ ಮಾಡಬಾರದೆಂದು ರೂಟರಿನ ಆಜ್ಞೆಯನ್ನು ತಿದ್ದಿ, ಅಂದೇ ಸಂಜೆ ಹಡಗಲಿಯ ಬಸ್ಸು ಹತ್ತಿದೆ. ಅಕ್ಕ ಊಟ ಮಾಡಿಕೊಂಡು ಹೋಗು ಎಂದರು. ಬಸ್ಸಿಗೆ ತಡವಾಗುತ್ತದೆ ಎಂದೆ.

ಮತ್ತೆ ಆ ಕಡೆ ಹೋಗುವ ಹೊತ್ತಿಗೆ ಆಸ್ಪತ್ರೆಯಿದ್ದ ಜಾಗದಲ್ಲಿ ಬಟ್ಟೆಯಂಗಡಿ ಬಂದಿತ್ತು. ಅಕ್ಕ ಹರಪನಹಳ್ಳಿಯಲ್ಲಿ ತಮ್ಮನ ಮನೆಯಲ್ಲಿ ತೀರಿಕೊಂಡರು ಎಂದು ಒಬ್ಬರು ಹೇಳಿದರು. ಇಲ್ಲ, ಇಲ್ಲೇ ತೀರಿಕೊಂಡಿದ್ದು ಎಂದರು ಇನ್ನೊಬ್ಬರು. ತೀರಿಕೊಂಡಿದ್ದರ ಬಗ್ಗೆ ಮಾತ್ರ ಇಬ್ಬರಿಗೂ ಅನುಮಾನವಿರಲಿಲ್ಲ.

ಅಕ್ಕನಿಗೆ ಅವತ್ತು ಆ ರಿಸೀವರಿನಲ್ಲಿ ಯಾರ ದನಿಯಾದರೂ ಕೇಳಿತ್ತೇ, ನನಗೆ ಗೊತ್ತಿಲ್ಲ. ಆ ಮಗು ಈಗ ದೊಡ್ಡವಳಾಗಿರಬೇಕು. ಅವಳಿಗೆ ಏನು ಹೆಸರಿಟ್ಟರು, ಅದೂ ಗೊತ್ತಿಲ್ಲ.