ಹರಿದ ಕುಣಿತ ಜೋಡಿಸುವ ಮಹಾದೇವಿ

ಪೀಣ್ಯದ ರಸ್ತೆಗಳಲ್ಲಿ ಲಾರಿಗಳ ಗಲಾಟೆ ಇನ್ನೂ ಶುರುವಾಗಿಲ್ಲ. ಬಾಗಲಗುಂಟೆಯ ಬಾಡಿಗೆ ಮನೆಯಿಂದ ನಡೆದು ಬಂದ ಮಹಾದೇವಿ ಶೆಡ್ಡಿನ ಬೀಗ ತೆಗೆದು, ಕೈ ತೊಳೆದು ಒರೆಸಿಕೊಂಡು ಮೇಜಿನ ಮುಂದೆ ಕೂರುತ್ತಾರೆ. ಮೇಜಿನ ಮೇಲೆ ಹಳೆಯ ಸಿನಿಮಾವೊಂದರ ಕೊನೆಯ ಸುರುಳಿ. ಕೆಟ್ಟ ಉಪ್ಪಿನಕಾಯಿ ಜಾಡಿಯ ಹಾಗೆ ಹುಳಿ ವಾಸನೆ.

"ಎಂಟಕ್ಕ ಬಾಜೂದ ಪ್ರೆಸ್ ಮಷೀನ್ ಚಾಲೂ ಆತಂದ್ರ ಮೇಜು ಗಡಗಡ ಅಂತೈತ್ರಿ. ಜೋಡ್ಸೋ ಕೆಲ್ಸ ಅಷ್ಟರಾಗ ಮುಗೀಬೇಕು," ಎನ್ನುತ್ತಾರೆ, ತಲೆ ಎತ್ತದೆ.

ಇಂದು ತಲೆ ಎತ್ತಲು ಪುರುಸೊತ್ತೂ ಇಲ್ಲ. ಎಂಬತ್ತು ದಾಟಿದ ವತ್ಸಲಾ ಎಂಬ ಅಜ್ಜಿ ಹತ್ತು ಗಂಟೆಗೆ ಬರುತ್ತಾರೆ. ಮಾತಿನ ಸಿನಿಮಾ ಬಂದ ಹೊಸತರ ಈ ಚಿತ್ರದಲ್ಲಿ ಅವರ ತಾಯಿ ಕುಣಿದಿದ್ದಾರೆ. ಮದುವೆಯಾದ ಮೇಲೆ ಗೆಜ್ಜೆ ಬಿಚ್ಚಿಟ್ಟ ಆ ತಾಯಿ ಮತ್ತೆ ಅದರ ಸುದ್ದಿ ಎತ್ತಲಿಲ್ಲ. ಮಗಳು ಅವರ ಕುಣಿತವನ್ನು ನೋಡಿಯೇ ಇಲ್ಲ. ಉಳಿದಿರುವುದು ಇದೊಂದೇ ಪ್ರತಿ, ಅದೂ ಕುಣಿತದ ನಡುವೆಯೇ ತುಂಡಾಗಿತ್ತು.

ಚಿತ್ರದ ಕಥೆ ದೊಡ್ಡದೇನಲ್ಲ. ಒಟ್ಟಿಗೆ ಬೆಳೆದ ಇಬ್ಬರು ನರ್ತಕಿಯರಿಗೆ ಒಬ್ಬನೇ ಪಿಟೀಲುಗಾರನ ಮೇಲೆ ಮನಸ್ಸು. ಒಬ್ಬಳು ಬಿಟ್ಟುಕೊಟ್ಟು, ಗೆಳತಿಯ ಮದುವೆಯಲ್ಲಿ ತಾನೇ ಹಾಡಿ ಕುಣಿಯುತ್ತಾಳೆ. ಹಾಗೆ ಬಿಟ್ಟುಕೊಟ್ಟವಳ ಪಾತ್ರವೇ ವತ್ಸಲಾ ಅವರ ತಾಯಿಯದು. ಅಳಿಸಲೆಂದೇ ಹೆಣೆದ ಕಥೆ, ಮಹಾದೇವಿಯಂತೂ ಪ್ರತಿಸಲ ಅಳುತ್ತಾರೆ, ಮುಖ ಆಚೆ ತಿರುಗಿಸಿಕೊಂಡು. "ಫಿಲ್ಮಿನ ಮ್ಯಾಲ ಕಣ್ಣೀರು ಬಿದ್ರ ಸರ ಬೈತಾರ್ರೀ."

ಸರ ಅಂದರೆ ಜಯಸಿಂಹ. ಕೈಗಡಿಯಾರದ ಕಾರ್ಖಾನೆಯಿಂದ ನಿವೃತ್ತರಾಗಿ, ಹಳೆಯ ಫಿಲ್ಮು ತೊಳೆದು ರಿಪೇರಿ ಮಾಡುವ ಈ ಶೆಡ್ಡು ಇಟ್ಟವರು. ಲಿಂಗಸುಗೂರು ಕಡೆಯ ಮಹಾದೇವಿ ಮೊದಲು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿದ್ದರು. ಹತ್ತಿಯ ದೂಳಿಗೆ ಕೆಮ್ಮು ಹತ್ತಿತು. ವೆಲ್ಡಿಂಗ್ ಮಾಡುವ ಗಂಡ ಹನುಮೇಶನಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಾಗ ಇತ್ತ ಬಂದು, ಈ ಮೇಜು ಹಿಡಿದರು. ಸುರುಳಿ ಬಿಡಿಸಿ, ಒರೆಸಿ, ಹರಿದಲ್ಲಿ ಅಂಟಿಸಿ, ದಿನಕ್ಕೊಂದು ಮುಗಿದರೆ ಪುಣ್ಯ.

ಆದರೆ ಕಲಿತ ಕೈ ಸುಮ್ಮನಿರಬೇಕಲ್ಲ. ಬಟ್ಟೆ ಹೊಲಿಯುವವರು ಎರಡು ತುಂಡುಗಳನ್ನು ಮುಖಕ್ಕೆ ಮುಖ ಇಟ್ಟು ಹೊಲಿದು, ಆಮೇಲೆ ಬಿಡಿಸಿ ಹರಡುತ್ತಾರೆ. ನಿನ್ನೆ ಅವಸರದಲ್ಲಿ ಮಹಾದೇವಿ ಫಿಲ್ಮಿನ ತುದಿಗಳನ್ನೂ ಮುಖಕ್ಕೆ ಮುಖ ಇಟ್ಟು ಟೇಪು ಹಾಕಿ ಅಂಟಿಸಿಬಿಟ್ಟರು. ಓಡಿಸಿ ನೋಡಿದರೆ, ಕುಣಿಯುತ್ತಿದ್ದವಳ ಸೆರಗು ನಡುವೆಯೇ ಎಡ ಹೆಗಲಿನಿಂದ ಬಲ ಹೆಗಲಿಗೆ ಹಾರಿತು. ಫಿಲ್ಮಿನ ಒಂದು ಅಂಚಿನಲ್ಲಿರುವ ಹಾಡಿನ ಗೆರೆ ಇನ್ನೊಂದು ಅಂಚಿಗೆ ಹೋಗಿ, ಹಾಡು ನಿಂತೇಹೋಯಿತು. ಜೋಡಿಸಿದ ತುಂಡು ಮಗುಚಿ ಬಿದ್ದಿತ್ತು.

"ನಂಗ ಜೀವ ಬಾಯಿಗೆ ಬಂತ್ರೀ. ರಾತ್ರಿ ರೊಟ್ಟಿ ಸೇರಲಿಲ್ಲ."

ಜಯಸಿಂಹ ಬೈಯಲಿಲ್ಲ. "ಆಗಿದ್ದು ಆಗೋಯ್ತು ಕಣಮ್ಮ. ಟೇಪು ಎಳೆಯೋವಾಗ ಚಿತ್ರ ಕಿತ್ತು ಬಂದ್ರೆ ಮಾತ್ರ ಏನೂ ಮಾಡಕ್ಕಾಗಲ್ಲ," ಎಂದಷ್ಟೇ ಹೇಳಿದರು. ಅದು ಬೈಗುಳಕ್ಕಿಂತ ಹೆಚ್ಚೇ ತಾಗಿತು.

ಈಗ ಅದೇ ಟೇಪಿನ ಅಂಚಿಗೆ ಹತ್ತಿಯಿಂದ ಅಂಟು ಬಿಡಿಸುವ ಮದ್ದು ಸವರುತ್ತಾ, ಉಸಿರು ಬಿಗಿಹಿಡಿದು, ಒಂದು ಎಳೆಯಷ್ಟೇ ಎತ್ತುತ್ತಾರೆ. ಕಾಯುತ್ತಾರೆ. ಮತ್ತೊಂದು ಎಳೆ. ನೋಡುತ್ತಾ ನಿಂತವರಿಗೇ ಬೆವರು. ಟೇಪು ಬಿಟ್ಟುಕೊಂಡಾಗ ಚಿತ್ರ ಅದರ ಜಾಗದಲ್ಲೇ ಇದೆ. ತುಂಡನ್ನು ಮಗುಚಿ, ಸೆರಗು ಯಾವ ಹೆಗಲ ಮೇಲಿದೆ ಎಂದು ಬೆಳಕಿಗೆ ಹಿಡಿದು ನೋಡಿ, ಹೊಸದಾಗಿ ಅಂಟಿಸುತ್ತಾರೆ. ಪಕ್ಕದಲ್ಲಿ ಪ್ರೆಸ್ ಮಷೀನಿನ ಮೊದಲ ಗುದ್ದು ಬೀಳುವ ಹೊತ್ತಿಗೆ ಕೈ ಕೊಡವಿಕೊಂಡು ಏಳುತ್ತಾರೆ.

ಹತ್ತಕ್ಕೆ ವತ್ಸಲಾ ಬರುತ್ತಾರೆ. ಪುಟ್ಟ ಪರದೆಯ ಮೇಲೆ ಅವರ ತಾಯಿ, ಇಪ್ಪತ್ತರ ಹುಡುಗಿ, ಹಾಡುತ್ತಾ ಕುಣಿಯುತ್ತಾಳೆ. ತಿರುಗುತ್ತಾಳೆ, ನಗುತ್ತಾಳೆ. ಮಹಾದೇವಿಯ ಕಣ್ಣು ಕುಣಿತದ ಮೇಲಿಲ್ಲ, ಸೆರಗಿನ ಮೇಲೆ. ಅದು ಎಡ ಹೆಗಲಲ್ಲೇ ಇರುತ್ತದೆ.

"ನಮ್ಮಮ್ಮ ಹೀಗೆ ನಗ್ತಿದ್ದಳಾ," ಎನ್ನುತ್ತಾರೆ ವತ್ಸಲಾ, ಯಾರಿಗೂ ಅಲ್ಲ ಎಂಬಂತೆ. ಸ್ವಲ್ಪ ಹೊತ್ತಿಗೆ ಗಾಬರಿಯಿಂದ ಮಹಾದೇವಿಯ ಕೈ ಹಿಡಿದುಕೊಳ್ಳುತ್ತಾರೆ. "ಹರಿದಿದೆ ಅಂದಿದ್ರಲ್ಲಮ್ಮ. ಆ ಜಾಗ ಯಾವಾಗ ಬರತ್ತೆ?"

"ಅದು ಆಗ್ಲೇ ದಾಟಿ ಹೋತ್ರೀ ಅಮ್ಮಾರ," ಎನ್ನುತ್ತಾರೆ ಮಹಾದೇವಿ.