ದಾರ ಬಿಚ್ಚಬೇಡಿ ಎಂದ ಮೇಷ್ಟ್ರು

ಮೇಷ್ಟ್ರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಹೊಸದಾಗಿ ಸೇರಿದ ಮಕ್ಕಳಿಗೆಲ್ಲ ಮೊದಲ ದಿನ ಅದನ್ನು ಮುಟ್ಟಿ ನೋಡಲು ಹೇಳುತ್ತಿದ್ದರು. ಮುಟ್ಟಿದವರು ಮುಖ ಕಿವುಚಿದರೆ ಅವರಿಗೆ ಸಮಾಧಾನ. ಹದಿನೆಂಟನೆಯ ವಯಸ್ಸಿನಲ್ಲಿ, ಮರ ಕಡೆಯುವ ಯಂತ್ರ, ಲೇತು, ಪೂರ್ತಿ ನಿಲ್ಲುವ ಮೊದಲೇ ಮರ ಮುಟ್ಟಲು ಹೋಗಿ ಆದ ಗಾಯವಂತೆ. "ಅರ್ಧ ನಿಮಿಷ ಕಾದಿದ್ರೆ ಸಾಕಾಗಿತ್ತು," ಎನ್ನುತ್ತಿದ್ದರು. ಮೊದಲ ದಿನ ಅಷ್ಟೇ ಪಾಠ.

ಐಟಿಐ ಒಂದರಲ್ಲಿ ಬಡಗಿ ಕೆಲಸ ಕಲಿಸಿ ನಿವೃತ್ತರಾದವರು ಅವರು. ಯಾದವಗಿರಿಯ ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಭಾನುವಾರ ಬೆಳಿಗ್ಗೆ ನಾಲ್ಕೈದು ಮಕ್ಕಳಿಗೆ ಮರ ಕಡೆಯುವುದನ್ನು ಹೇಳಿಕೊಡುತ್ತಿದ್ದರು. ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅದು ಗರಗರ ತಿರುಗುವಾಗ ಉಳಿ ಹಿಡಿದು ಬುಗುರಿ, ಗಿಲಕಿ, ಲಟ್ಟಣಿಗೆ ಮಾಡುವ ಕೆಲಸ. ಕುವೆಂಪುನಗರದಿಂದ ಹನ್ನೊಂದು ವರ್ಷದ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನಾನು ಹೋಗುತ್ತಿದ್ದೆ.

ಮೊದಮೊದಲು ನನಗೆ ಅವರು ಹಿಡಿಸಲಿಲ್ಲ, ಮುಚ್ಚಿಡುವುದೇಕೆ. ಕೆಲಸಕ್ಕಿಂತ ಕಟ್ಟಳೆಯೇ ಹೆಚ್ಚು. ಜಡೆ ಸುತ್ತಿ ಗಂಟು ಹಾಕಿ ಮೇಲೆ ಬಟ್ಟೆ ಕಟ್ಟಬೇಕು, ದುಪಟ್ಟಾ ಬಳೆಗಳನ್ನು ಮೊಳೆಗೆ ನೇತುಹಾಕಬೇಕು, ಸಿಡಿಯುವ ಚೂರು ಕಣ್ಣಿಗೆ ತಾಗದಂತೆ ಕನ್ನಡಕ ಹಾಕಬೇಕು, ಸ್ವಿಚ್ಚು ಒತ್ತುವ ಮುಂಚೆ ಮರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಎಲ್ಲೂ ತಗಲುವುದಿಲ್ಲ ಎಂದು ನೋಡಬೇಕು. ಆಮೇಲೆ ಎರಡೂ ಕೈ ಚಾಚಿ ಅವರಿಗೆ ತೋರಿಸಬೇಕು. ಫೋಟೋ ತೆಗೆಯಲು ಹೋದ ನನ್ನನ್ನು ಒಮ್ಮೆ ಹೊರಗೇ ಕಳಿಸಿದ್ದರು. ಫೋಟೋಗೆ ನಗುವ ಹುಡುಗಿ ಉಳಿ ನೋಡುವುದಿಲ್ಲ ಎಂಬುದು ಅವರ ವಾದ. ಮೂರು ಭಾನುವಾರ ಕಳೆದರೂ ಮಗಳಿಗೆ ಸ್ವಿಚ್ಚು ಮುಟ್ಟುವ ಭಾಗ್ಯ ಬಂದಿರಲಿಲ್ಲ.

ನಾಲ್ಕನೆಯ ಭಾನುವಾರ ಅವಳ ಸರದಿ. ಆ ಹೊತ್ತಿಗೆ ನನ್ನ ಗಂಡನ ಕಿಡ್ನಿ ಕೆಟ್ಟು, ಆಸ್ಪತ್ರೆಗೂ ಮನೆಗೂ ಓಡಾಟ ಶುರುವಾಗಿತ್ತು. ನಮ್ಮಮ್ಮ ಊರಿನ ಮಾರಮ್ಮನಿಗೆ ಹರಕೆ ಹೊತ್ತು, ಅರಿಶಿನದ ದಾರ ತಂದು ಮೊಮ್ಮಗಳ ಬಲಗೈಗೆ ಕಟ್ಟಿದ್ದಳು. ನಲವತ್ತೆಂಟು ದಿನ ಬಿಚ್ಚುವ ಹಾಗಿಲ್ಲ, ಬಿಚ್ಚಿದರೆ ಅಪ್ಪನಿಗೆ ಒಳ್ಳೆಯದಾಗುವುದಿಲ್ಲ ಎಂದು ಮಗುವಿನ ಎದುರಿಗೇ ಹೇಳಿದ್ದಳು. ಮಗಳು ಕೈ ಚಾಚಿದಾಗ ಮೇಷ್ಟ್ರು ದಾರ ನೋಡಿ ತಲೆ ಅಲ್ಲಾಡಿಸಿದರು. ಅದರ ತುದಿ ಸಿಕ್ಕಿಕೊಂಡರೆ ಲೇತು ಕೈಯನ್ನೇ ಎಳೆದುಕೊಳ್ಳುತ್ತದೆ, ದಾರ ಇರುವಷ್ಟು ದಿನ ಬೇಡ ಎಂದರು.

ನನಗೆ ರೇಗಿತು. "ದೇವ್ರ ದಾರ ಕಣ್ರೀ ಇದು, ಬಳೆ ಅಲ್ಲ," ಎಂದು ಶುರು ಮಾಡಿ ಬಾಯಿಗೆ ಬಂದದ್ದೆಲ್ಲ ಆಡಿದೆ. ಮಗಳ ಕಣ್ಣು ತುಂಬಿತು. ಆಗಿನ ದಿನಗಳಲ್ಲಿ ಆ ಮಗುವಿಗೆ ಇದ್ದ ಸಂತೋಷ ಇದೊಂದೇ. ಅವಳ ಅಳು ನೋಡಲಾಗದೆ, ಒಂದು ಗಂಟೆ ತಾನೇ, ಬಿಚ್ಚಿ ಮತ್ತೆ ಕಟ್ಟಿದರಾಯಿತು, ಅಜ್ಜಿಗೆ ಹೇಳುವುದು ಬೇಡ ಎನ್ನುತ್ತ ನಾನೇ ಗಂಟಿಗೆ ಕೈ ಹಾಕಿದೆ.

ಮೇಷ್ಟ್ರು ನನ್ನ ಕೈಗೆ ಅಡ್ಡ ಕೈ ಇಟ್ಟರು. "ಬೇಡಮ್ಮ, ಬಿಚ್ಬೇಡಿ. ದಾರ ಇರ್ಲಿ. ಕರೆಂಟ್ ಬೇಡ, ಅಷ್ಟೇ."

ಶೆಡ್ಡಿನ ಮೂಲೆಯಲ್ಲಿ ಅವರ ತಂದೆಯ ಕಾಲದ ಲೇತೊಂದಿತ್ತು, ಮೋಟಾರಿಲ್ಲದ್ದು. ಹಗ್ಗ ಸುತ್ತಿ, ಒಬ್ಬರು ಮಜ್ಜಿಗೆ ಕಡೆಯುವ ಹಾಗೆ ಹಿಂದೆ ಮುಂದೆ ಎಳೆಯುತ್ತಿದ್ದರೆ ಇನ್ನೊಬ್ಬರು ಉಳಿ ಹಿಡಿಯಬೇಕು. ಎಳೆಯುವವರು ನಿಲ್ಲಿಸಿದರೆ ಮರವೂ ಅಲ್ಲೇ ನಿಲ್ಲುತ್ತದೆ. ಉಳಿದ ಮಕ್ಕಳ ಸರದಿ ಮುಗಿದು ದೊಡ್ಡ ಲೇತಿನ ಪ್ಲಗ್ಗು ಕಿತ್ತ ಮೇಲೆ, ಎಪ್ಪತ್ತು ದಾಟಿದ ಆ ಮನುಷ್ಯ ಮಣೆ ಹಾಕಿಕೊಂಡು ಕೂತು ನನ್ನ ಮಗಳಿಗಾಗಿ ಹಗ್ಗ ಎಳೆದರು. ನಡುನಡುವೆ ನಿಲ್ಲಿಸಿ ಭುಜ ನೀವಿಕೊಳ್ಳುತ್ತಿದ್ದರು. ಅವಳು ಉಳಿಯನ್ನು ಒತ್ತಿದರೆ, "ಮರಕ್ಕೆ ಅವಸರ ಇಲ್ಲ ಕಣಮ್ಮ, ನಿಂಗ್ಯಾಕೆ," ಎನ್ನುತ್ತಿದ್ದರು. ಬೇರೆ ಮಕ್ಕಳು ಒಂದು ಬೆಳಿಗ್ಗೆಯಲ್ಲಿ ಮುಗಿಸುವ ಬುಗುರಿ ಇವಳಿಗೆ ಮೂರು ಭಾನುವಾರ ಹಿಡಿಯಿತು. ಅದನ್ನು ಅಪ್ಪನ ಹಾಸಿಗೆಯ ಪಕ್ಕ ತಟ್ಟೆಯ ಮೇಲೆ ಆಡಿಸಿ ತೋರಿಸಿದಳು. ಅವರು ಬಹಳ ದಿನಗಳ ನಂತರ ನಕ್ಕರು.

ದಾರ ಕಟ್ಟಿದ ಮೂವತ್ತೊಂದನೆಯ ದಿನ ನನ್ನ ಗಂಡ ತೀರಿಕೊಂಡರು.

ತಿಥಿಯ ದಿನ ನೆಂಟರು ಉಣ್ಣುತ್ತಿದ್ದಾಗ ಮಗಳು ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದು ಕೈ ಮುಂದೆ ಮಾಡಿದಳು. ದಾರ ಬಣ್ಣ ಕಳೆದುಕೊಂಡು ಹಾಗೇ ಇತ್ತು.

"ಅಮ್ಮಾ, ನಾನು ಒಂದ್ಸಲಾನೂ ಬಿಚ್ಚಲಿಲ್ಲ ಅಲ್ವಾ?"

"ಇಲ್ಲ ಕಂದ. ಒಂದ್ಸಲಾನೂ ಬಿಚ್ಚಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು, ಸುಳ್ಳೇನಾದರೂ ಇದೆಯೇ ಎಂದು. ಇರಲಿಲ್ಲ. ಆಮೇಲೆ ಹೋಗಿ ಊಟಕ್ಕೆ ಕೂತಳು. ಅಪ್ಪ ಹೋದ ಮೇಲೆ ಅವಳು ಸರಿಯಾಗಿ ಉಂಡದ್ದು ಅವತ್ತೇ. ನಾನು ಒಲೆಯ ಮುಂದೆ ನಿಂತು ಅತ್ತುಬಿಟ್ಟೆ.

ಒಂದು ತಿಂಗಳ ಮೇಲೆ ಮೇಷ್ಟ್ರಿಗೆ ಇದನ್ನು ಹೇಳಿದೆ. ಅವತ್ತು ಆಡಿದ ಮಾತಿಗೆ ಕ್ಷಮೆಯನ್ನೂ ಕೇಳಿದೆ. ಹರಕೆಯಲ್ಲಿ ನಿಮಗೆ ಅಷ್ಟು ನಂಬಿಕೆಯೇ ಎಂದು ಕೇಳಿದ್ದಕ್ಕೆ, ಉಳಿ ಮಸೆಯುತ್ತಿದ್ದವರು ತಲೆ ಎತ್ತದೆ ಹೇಳಿದರು: "ನಂಗಿಲ್ಲ ಕಣಮ್ಮ. ಮಗೂಗೆ ಇತ್ತಲ್ಲ. ಕಣ್ಣಿಗಾದ್ರೆ ಕನ್ನಡಕ ಹಾಕಿಸ್ಬೋದು. ನನ್ನಿಂದ್ಲೇ ಅಪ್ಪ ಹೋದ ಅಂತ ಅಂದ್ಕೊಂಡ್ಬುಟ್ರೆ, ಅದಕ್ಕೇನು ಹಾಕ್ಸೋದು?" ಮರುಕ್ಷಣವೇ, ಬರುವ ಭಾನುವಾರ ಅವಳನ್ನು ಕಳಿಸಿ, ಇನ್ನು ದೊಡ್ಡ ಲೇತಿಗೆ ನಿಲ್ಲಿಸುತ್ತೇನೆ ಎಂದರು.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಅಪ್ಪನ ಮಾತು ಬಂದಾಗ ಒಮ್ಮೆ ಅಳುತ್ತಾಳೆ, ಒಮ್ಮೆ ನಗುತ್ತಾಳೆ, ಮಾತು ಮಾತ್ರ ತಪ್ಪಿಸುವುದಿಲ್ಲ. ಆ ಗಂಟನ್ನು ಅವತ್ತು ನಾನೇ ಬಿಚ್ಚಿದ್ದರೆ ಅಡುಗೆಮನೆಯಲ್ಲಿ ಅವಳಿಗೆ ಏನು ಹೇಳುತ್ತಿದ್ದೆನೋ, ಇಂದಿಗೂ ನನಗೆ ಗೊತ್ತಿಲ್ಲ.