ಎಣ್ಣೆ ಕುಡಿದ ಅರಿವೆಗಳು

ಅಗಸೆ ಹುರಿಯುವ ವಾಸನೆ ಬಂದರೆ ಇವತ್ತಿಗೂ ನಾನು ಅಲ್ಲಿಂದ ಎದ್ದು ಹೊರಗೆ ಬರುತ್ತೇನೆ. ಧಾರವಾಡದವಳಾಗಿ ಅಗಸೆ ಚಟ್ನಿ ಒಲ್ಲೆ ಅನ್ನುತ್ತೀಯಲ್ಲ ಎಂದು ನೆಂಟರು ನಗುತ್ತಾರೆ; ನಾನೂ ನಗುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ನಾವು ವಿಶಾಖಪಟ್ಟಣದಲ್ಲಿದ್ದೆವು. ಅಪ್ಪ ಬಂದರಿನಲ್ಲಿ ಇಂಜಿನಿಯರು. ಎಂವಿಪಿ ಕಾಲೋನಿಯ ಬಾಡಿಗೆ ಮನೆಯ ಹಿಂದಿನ ವರಾಂಡದಲ್ಲಿ ಅವರು ಅವ್ವನಿಗಾಗಿ ಹಲಸಿನ ಮರದ ವೀಣೆ ಮಾಡುತ್ತಿದ್ದರು. ಮದುವೆಗೆ ಮುಂಚೆ ನುಡಿಸುತ್ತಿದ್ದ ಅವ್ವ, ವರ್ಗಾವಣೆಗಳ ಗದ್ದಲದಲ್ಲಿ ವೀಣೆ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಅಪ್ಪನ ಎರಡು ವರ್ಷದ ರಜೆಗಳೆಲ್ಲ ಅದಕ್ಕೇ ಹೋಗಿದ್ದವು.

ಕೊನೆಗೆ ಉಳಿದದ್ದು ಎಣ್ಣೆ ಕುಡಿಸುವ ಕೆಲಸ. ಹಲಸಿನ ಮೈತುಂಬ ಸೂಜಿಮೊನೆಯಂಥ ರಂಧ್ರಗಳು. ಅಪ್ಪ ಕಾಯಿಸಿದ ಅಗಸೆ ಎಣ್ಣೆ ಹಚ್ಚಿ, ಹಸಿಯಿರುವಾಗಲೇ ಪಾಲಿಶ್ ಪೇಪರಿನಿಂದ ತಿಕ್ಕುತ್ತಿದ್ದರು. ಎದ್ದ ಹುಡಿ ಎಣ್ಣೆಯಲ್ಲಿ ಕಲೆತು ಬೆಲ್ಲದ ಪಾಕದಂತಾಗಿ ಆ ರಂಧ್ರಗಳಲ್ಲಿ ಕೂರುತ್ತಿತ್ತು. ಮಿಕ್ಕಿದ್ದನ್ನು ಹಳೆ ಧೋತರದ ತುಂಡಿನಿಂದ ಮರದ ಎಳೆಗೆ ಅಡ್ಡವಾಗಿ ಒರೆಸಿ, ವಾರಗಟ್ಟಲೆ ಒಣಗಿಸಿ, ಮತ್ತೆ ಹಚ್ಚುವುದು. ಒರೆಸಿದ ಅರಿವೆಗಳನ್ನು ಒಂದಕ್ಕೊಂದು ತಾಗದಂತೆ ಹಗ್ಗದ ಮೇಲೆ ಹರಡಬೇಕು, ಗುಡ್ಡೆ ಹಾಕಿದರೆ ತಾವೇ ಕಾದು ಹೊತ್ತಿಕೊಳ್ಳುತ್ತವೆ ಎಂದು ಅಪ್ಪ ನೂರು ಸಲ ಹೇಳಿದ್ದರು. ಬೆಂಕಿಯಿಲ್ಲದೆ ಬಟ್ಟೆ ಹೊತ್ತುವುದೆಂದರೆ ನನಗೂ ಅವ್ವನಿಗೂ ನಗು.

ಆಯುಧಪೂಜೆಯ ದಿನ, ಖಂಡೇನವಮಿಯ ಬೆಳಿಗ್ಗೆ, ಅಪ್ಪ ಕೊನೆಯ ಸಲ ಎಣ್ಣೆ ಒರೆಸಿ ಡ್ಯೂಟಿಗೆ ಹೋದರು. ಮರುದಿನ ವಿಜಯದಶಮಿಗೆ, ಶಾಸ್ತ್ರಕ್ಕೆ ಒಂದೇ ತಂತಿ ಬಿಗಿದು ಅವ್ವ ಮೀಟುವುದೆಂದು ಮಾತಾಗಿತ್ತು. ಅವಳು ಎರಡು ದಿನದಿಂದ ಬೆರಳುಗಳನ್ನು ಮಡಿಲಲ್ಲೇ ಆಡಿಸುತ್ತಿದ್ದಳು. ಹಬ್ಬದ ದಿನ ಅರಿವೆ ನೇತಾಡಬಾರದು, ತೆಗೆದಿಡು ಎಂದು ನನಗೆ ಹೇಳಿದಳು. ನನಗಾಗ ಹತ್ತು ವರ್ಷ. ಉಳಿ, ಮರ ಹೆರೆಯುವ ಹತ್ತರಿಗಳಿಗೆ ಪೂಜೆಯಾದರೆ ಅರಿವೆಗಳೇನು ಪಾಪ ಮಾಡಿದ್ದವು? ಅವೂ ಅಪ್ಪನ ಆಯುಧಗಳೇ ಎಂದು ಮುದ್ದೆ ಮಾಡಿ ಉಳಿಗಳ ಪೆಟ್ಟಿಗೆಗೆ ತುರುಕಿದೆ. ಪೆಟ್ಟಿಗೆಯನ್ನು ದೇವರ ಮುಂದಿಟ್ಟು, ರೇಷ್ಮೆ ಬಟ್ಟೆ ಹೊದಿಸಿ, ಪಕ್ಕದಲ್ಲಿ ವೀಣೆ ಮಲಗಿಸಿ ಅವ್ವ ಪೂಜೆ ಮಾಡಿದಳು. ಪೂಜೆಯಾದ ಮೇಲೆ ಮರುದಿನದವರೆಗೆ ಅವನ್ನು ಕದಲಿಸುವಂತಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಆಸೆಯಿಂದ ರೇಷ್ಮೆಯ ಮೇಲೆ ಕೈಯಿಟ್ಟೆ. ಮಲಗಿದ ಆಕಳ ಮೈಯಂತೆ ಬೆಚ್ಚಗಿತ್ತು.

“ಅವ್ವಾ, ಪೆಟ್ಟಿಗಿ ಬೆಚ್ಚಗ ಐತಿ.”

ಅವ್ವನೂ ಮುಟ್ಟಿ ನೋಡಿದಳು. ಅವಳ ಕಣ್ಣುಗಳು ತುಂಬಿ ಬಂದವು. “ತಾಯಿ ಬಂದಾಳ,” ಎಂದಳು. “ನಾಳಿತನಕ ತೆಗಿಬ್ಯಾಡ.”

ಇನ್ನಷ್ಟು ಊದುಬತ್ತಿ ಹಚ್ಚಿದಳು. ಅದರ ಹೊಗೆಯಲ್ಲಿ ಪೆಟ್ಟಿಗೆಯ ಹೊಗೆಯೂ ಕಲೆತದ್ದು ಯಾರಿಗೆ ತಿಳಿಯಬೇಕು? ನಾವಿಬ್ಬರೂ ಕೈಮುಗಿದು ಕೂತೇ ಇದ್ದೆವು. ದೂರದ ಬಂದರಿನಲ್ಲಿ ಹಡಗೊಂದು ಕೂಗಿತು. ಅಷ್ಟರಲ್ಲಿ ರೇಷ್ಮೆ ನಡುವೆ ಕಂದಾಗಿ, ಕಪ್ಪಾಗಿ, ತೂತು ಬಿತ್ತು, ಉರಿ ಭುಗಿಲೆಂದಿತು. ಅವ್ವ ಆ ಉರಿಯೊಳಗೆ ಕೈಹಾಕಿ ವೀಣೆಯನ್ನು ಎಳೆದುಕೊಂಡಳು. ನನ್ನ ಕೂಗು ಕೇಳಿ ಪಕ್ಕದ ಮನೆಯವರು ಓಡಿಬಂದು ನೀರು ಸುರಿದರು.

ಸಂಜೆ ಆಸ್ಪತ್ರೆಯಲ್ಲಿ, ಅವ್ವನ ಎರಡೂ ಕೈಗಳ ಬ್ಯಾಂಡೇಜಿನ ಮುಂದೆ ನಿಂತು ಅಪ್ಪ ಕೇಳಿದರು: “ಆ ಎಣ್ಣಿ ಅರಿವಿ ಪೆಟ್ಟಿಗ್ಯಾಗ ಯಾರು ಇಟ್ಟರು?”

ನಾನು ಬಾಯಿ ತೆರೆಯುವ ಮೊದಲೇ ಅವ್ವ, “ನಾನ ಇಟ್ಟೆ,” ಎಂದಳು.

ಅಪ್ಪ ಬೈಯಲಿಲ್ಲ. ಮತ್ತೆಂದೂ ಉಳಿ ಹಿಡಿಯಲಿಲ್ಲ, ಅವಳ ಸೆಟೆದ ಬೆರಳುಗಳ ಕಡೆ ನೋಡಲೂ ಇಲ್ಲ. ಉಳಿದ ಇಪ್ಪತ್ತು ವರ್ಷ ಅವರ ನಡುವೆ ಸಂಸಾರಕ್ಕೆ ಬೇಕಾದಷ್ಟೇ ಮಾತು. ನಿಜ ಹೇಳಲು ನನಗೆ ಎಷ್ಟೋ ಸಂಜೆಗಳಿದ್ದವು. ಹೇಳಲಿಲ್ಲ. ಹೇಡಿಯಾಗಿದ್ದೆ.

ಈಗ ಇಬ್ಬರೂ ಇಲ್ಲ. ಆ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದ್ದಾರೆ. ತಂತಿಯನ್ನೇ ಕಾಣದ ವೀಣೆ ವಿಜಯವಾಡದ ನನ್ನ ಮನೆಯಲ್ಲಿದೆ, ಒಂದು ಬದಿ ಇದ್ದಿಲಾಗಿ. ಇನ್ನೊಂದು ಬದಿಯಲ್ಲಿ ಹುಡುಕಿದರೂ ಒಂದು ರಂಧ್ರ ಸಿಗದು, ಅಪ್ಪ ಹಾಗೆ ತುಂಬಿದ್ದಾರೆ. ನನ್ನ ಮಕ್ಕಳಿಗೆ ತೆಲುಗೇ ಸಲೀಸು, ಅವ್ವನ ಮಾತು ಈ ಮನೆಯಲ್ಲಿ ನನ್ನೊಬ್ಬಳಿಗೇ ಉಳಿದಿದೆ. ಪ್ರತಿ ಖಂಡೇನವಮಿಗೆ ಆ ಮರದ ಮೇಲೆ ಅಂಗೈಯಿಟ್ಟು, “ನಾನ ಇಟ್ಟೆ ಅಪ್ಪಾ,” ಎನ್ನುತ್ತೇನೆ. ಮರ ತಣ್ಣಗಿರುತ್ತದೆ.